ಹೃದ್ರೋಗಶುಶ್ರೂಷೆಗೆ ಸಲ್ಲಬೇಕಾದ ಸ್ಥಾನ

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಮರಣವಾರ್ತೆಗಳು ಒಂದರ ಬೆನ್ನಿಗೊಂದು ಬರತೊಡಗಿದಾಗ, ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಇರುವ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳ ಬಾಗಿಲಲ್ಲಿ ಮುಂಜಾನೆಯಿಂದಲೇ ಜನ ಸಾಲುಗಟ್ಟಿ ನಿಂತದ್ದನ್ನು ನಾಡು ಕಂಡಿತು. ಎದೆಯಲ್ಲಿ ಯಾವ ನೋವನ್ನೂ ಅರಿಯದ ತರುಣರು ಕೂಡ ತಮಗೊಂದು ಇಸಿಜಿ ಆಗಲೇಬೇಕೆಂದು ಕಾತರಿಸಿದರು. ಆ ಭೀತಿಯ ದಿನಗಳಲ್ಲಿ ಎಲ್ಲೆಡೆ ಕೇಳಿಬಂದ ಪ್ರಶ್ನೆಗಳು ಬಹುಮಟ್ಟಿಗೆ ಮೂರು: ತಜ್ಞವೈದ್ಯರು ಎಷ್ಟು ಮಂದಿ ಇದ್ದಾರೆ, ಕ್ಯಾಥ್‌ಲ್ಯಾಬ್‌ಗಳು ಎಷ್ಟಿವೆ, ಔಷಧ ಎಲ್ಲಿ ದೊರೆಯುತ್ತದೆ. ಮೂರೂ ನ್ಯಾಯವಾದ ಪ್ರಶ್ನೆಗಳೇ ಸರಿ. ಆದರೆ ರೋಗಿಯು ಹಾಸಿಗೆಗೆ ಬಂದಮೇಲೆ ಹಗಲಿರುಳು ಅವನ ಬಳಿ ಎಚ್ಚರವಾಗಿರತಕ್ಕವರು ಯಾರು, ಅವರಿಗೆ ದೊರೆತಿರುವ ಶಿಕ್ಷಣವೇನು, ಅಧಿಕಾರವೇನು, ಒಬ್ಬೊಬ್ಬರ ಪಾಲಿಗೆ ಎಷ್ಟು ಹಾಸಿಗೆಗಳು ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳಿದವರು ವಿರಳ.

ಹೃದ್ರೋಗದಲ್ಲಿ ಶುಶ್ರೂಷೆಯೆಂಬುದು ವೈದ್ಯನ ಕಾರ್ಯಕ್ಕೆ ಹಿಂದಿನಿಂದ ಒದಗುವ ಉಪಸಾಧನವಾಗಿರದೆ ತಾನೇ ಒಂದು ಪ್ರಧಾನ ಚಿಕಿತ್ಸೆಯಾಗಿದೆಯೆಂಬುದನ್ನು ನಮ್ಮ ಸಮಾಜವೂ ಸರ್ಕಾರವೂ ಇನ್ನೂ ಮನಗಂಡಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ರೋಗಕ್ಕೆ ಒಂದು ವಿಚಿತ್ರವೂ ಕ್ರೂರವೂ ಆದ ಸ್ವಭಾವವುಂಟು: ಕೆಡುವಾಗ ಅದು ಕ್ಷಣಗಳಲ್ಲಿ ಕೆಡುತ್ತದೆ, ಸುಧಾರಿಸುವಾಗ ವರ್ಷಗಳನ್ನು ಬೇಡುತ್ತದೆ. ಕ್ಷಣದಲ್ಲಿ ಕೆಡುವುದನ್ನು ಹಿಡಿಯಬೇಕಾದರೆ ಎಡೆಬಿಡದ ಎಚ್ಚರ ಬೇಕು. ವರ್ಷಗಳ ಸುಧಾರಣೆಯನ್ನು ಕಾಪಾಡಬೇಕಾದರೆ ಎಡೆಬಿಡದ ಒಡನಾಟ ಬೇಕು. ದಿನಕ್ಕೆ ಎರಡಾವರ್ತಿ ರೌಂಡ್ಸಿಗೆ ಬಂದುಹೋಗುವ ವೈದ್ಯನು ಎಷ್ಟೇ ಪ್ರವೀಣನಾಗಿರಲಿ, ಎಷ್ಟೇ ಕರುಣಾಶಾಲಿಯಾಗಿರಲಿ, ಇವೆರಡನ್ನೂ ಪೂರ್ಣವಾಗಿ ಕೊಡಲಾರನು. ಅವನ ವೃತ್ತಿಯ ಸ್ವರೂಪವೇ ಅಂಥದು. ಇವೆರಡನ್ನೂ ಕೊಡಬಲ್ಲವರು ಶುಶ್ರೂಷಕಿಯರು, ಮತ್ತು ಈಚಿನ ದಶಕಗಳಲ್ಲಿ ಅವರ ಸಾಲಿಗೆ ಹೆಚ್ಚುಹೆಚ್ಚಾಗಿ ಸೇರುತ್ತಿರುವ ಶುಶ್ರೂಷಕರು.

ಈ ಮಾತು ಉತ್ಪ್ರೇಕ್ಷೆಯಲ್ಲವೆಂಬುದಕ್ಕೆ ಹೃದ್ರೋಗಚಿಕಿತ್ಸೆಯ ಇತಿಹಾಸವೇ ಸಾಕ್ಷಿ. 1950ರ ದಶಕವು ಮುಗಿಯುವವರೆಗೂ ಹೃದಯಾಘಾತಕ್ಕೆ ತುತ್ತಾದವನಿಗೆ ಜಗತ್ತಿನ ಶ್ರೇಷ್ಠ ಆಸ್ಪತ್ರೆಗಳಲ್ಲಿ ಕೂಡ ದೊರೆಯುತ್ತಿದ್ದ ಮುಖ್ಯ ಚಿಕಿತ್ಸೆಯೆಂದರೆ ವಿಶ್ರಾಂತಿ. ಗದ್ದಲ ತಾಕದಿರಲೆಂದು ಅವನನ್ನು ಅನೇಕ ವೇಳೆ ವಾರ್ಡಿನ ದೂರದ ಮೂಲೆಯಲ್ಲಿ, ಶುಶ್ರೂಷಕಿಯರ ಮೇಜಿನಿಂದ ಆದಷ್ಟು ಆಚೆಗೆ ಮಲಗಿಸುತ್ತಿದ್ದರು. ಹೀಗೆ ಆಸ್ಪತ್ರೆ ಸೇರಿದವರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ ಅಲ್ಲಿಯೇ ಅಸುನೀಗುತ್ತಿದ್ದರು. ಅವರಲ್ಲಿ ಅನೇಕರ ಮರಣಕ್ಕೆ ಕಾರಣ ಹೃದಯದ ಮಾಂಸವು ಪೂರ್ಣವಾಗಿ ನಾಶವಾದದ್ದಲ್ಲ, ಅದರ ಲಯವು ಹಠಾತ್ತಾಗಿ ಕೆಟ್ಟು, ಮಿಡಿಯಬೇಕಾದ ಅಂಗವು ಬರಿದೆ ಅದುರುತ್ತ ನಿಂತುಬಿಟ್ಟದ್ದು. 1956ರಲ್ಲಿ ಅಮೆರಿಕದ ಪಾಲ್ ಜೋಲ್ ಎಂಬ ವೈದ್ಯರು ಎದೆಯನ್ನು ಸೀಳದೆಯೇ ಹೊರಗಿನಿಂದ ವಿದ್ಯುದಾಘಾತವನ್ನಿತ್ತು ಆ ಅದುರಾಟವನ್ನು ನಿಲ್ಲಿಸಬಹುದೆಂದು ತೋರಿಸಿಕೊಟ್ಟರು. 1960ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, ಬರಿಯ ಕೈಗಳಿಂದ ಎದೆಯನ್ನು ಲಯಬದ್ಧವಾಗಿ ಒತ್ತಿ ರಕ್ತಪರಿಚಲನೆಯನ್ನು ಕೆಲವು ನಿಮಿಷಗಳ ಕಾಲ ಉಳಿಸಿಕೊಳ್ಳಬಹುದೆಂದು ಲೋಕಕ್ಕೆ ತಿಳಿಸಿದರು.

ಸಾಧನಗಳು ಸಿದ್ಧವಾದುವು, ಆದರೆ ಮೃತ್ಯುವು ವೈದ್ಯನಿಗಾಗಿ ಕಾಯುವಂಥದಲ್ಲ. ಲಯ ಕೆಟ್ಟ ಹೃದಯಕ್ಕೆ ವಿದ್ಯುದಾಘಾತವು ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ನೂರಕ್ಕೆ ಏಳರಿಂದ ಹತ್ತರಷ್ಟು ಕುಗ್ಗುತ್ತದೆ. ನಾಲ್ಕೈದು ನಿಮಿಷ ಕಳೆಯುವುದರೊಳಗೆ ಮಿದುಳಿಗೆ ಹಾನಿ ತಟ್ಟತೊಡಗುತ್ತದೆ. 1961ರಲ್ಲಿ ಎಡಿನ್‌ಬರೋದ ಡೆಸ್ಮಂಡ್ ಜೂಲಿಯನ್ ಎಂಬ ತರುಣ ವೈದ್ಯರು, ಹೃದಯಾಘಾತದ ರೋಗಿಗಳನ್ನೆಲ್ಲ ಒಂದೆಡೆ ಇರಿಸಿ, ಅವರ ಹೃದಯದ ಲಯವನ್ನು ಎಡೆಬಿಡದೆ ನೋಡುತ್ತಿರುವ, ಪುನಶ್ಚೇತನದಲ್ಲಿ ತರಬೇತಿ ಪಡೆದ ಸಿಬ್ಬಂದಿಯನ್ನು ಅಲ್ಲಿ ನೇಮಿಸಬೇಕೆಂದು ಸೂಚಿಸಿದರು. 1962ರಲ್ಲಿ ಅಮೆರಿಕದ ಕ್ಯಾನ್ಸಸ್ ನಗರದ ಬೆಥನಿ ಆಸ್ಪತ್ರೆಯಲ್ಲಿ ಹ್ಯೂಸ್ ಡೇ ಅವರ ನೇತೃತ್ವದಲ್ಲಿ ಅಂಥ ಘಟಕವೊಂದು ತೆರೆಯಿತು. ಅದೇ ಕಾಲದಲ್ಲಿ ಫಿಲಡೆಲ್ಫಿಯಾದ ಪ್ರೆಸ್ಬಿಟೀರಿಯನ್ ಆಸ್ಪತ್ರೆಯಲ್ಲಿ ಲಾರೆನ್ಸ್ ಮೆಲ್ಟ್ಸರ್ ಎಂಬ ವೈದ್ಯರೂ ರೋಸ್ ಪಿನಿಯೋ ಎಂಬ ಶುಶ್ರೂಷಕಿಯೂ ಸೇರಿ, ಆ ದಿನಗಳಿಗೆ ಕ್ರಾಂತಿಕಾರಕವೆನ್ನಬಹುದಾದ ಒಂದು ಹೆಜ್ಜೆಯನ್ನಿಟ್ಟರು. ಇಸಿಜಿಯನ್ನು ಓದುವುದು, ಲಯದೋಷವನ್ನು ಗುರುತಿಸುವುದು, ವೈದ್ಯನು ಬರುವುದಕ್ಕೆ ಮುನ್ನವೇ ಡಿಫಿಬ್ರಿಲೇಟರಿನಿಂದ ವಿದ್ಯುದಾಘಾತವನ್ನು ಕೊಡುವುದು, ಇವೆಲ್ಲವೂ ಶುಶ್ರೂಷಕಿಯ ಕರ್ತವ್ಯಗಳೆಂದು ಅವರು ವಿಧಿಸಿದರು. ಅದುವರೆಗೆ ಇಸಿಜಿಯ ಪಟ್ಟಿಯನ್ನು ಓದುವುದು ವೈದ್ಯನ ಏಕಸ್ವಾಮ್ಯವಾಗಿದ್ದಿತು. ಶುಶ್ರೂಷಕಿಯರಿಗಾಗಿಯೇ ಬರೆದ ಹೃದಯಾಘಾತಚಿಕಿತ್ಸೆಯ ಕೈಪಿಡಿಯೊಂದು ಅವರ ಪ್ರಯತ್ನದಿಂದ 1965ರಲ್ಲಿ ಹೊರಬಂದಿತು.

ಇಂತಹ ಘಟಕಗಳು ಹರಡಿದ ಮೇಲೆ, ನೂರಕ್ಕೆ ಮೂವತ್ತರಷ್ಟಿದ್ದ ಆಸ್ಪತ್ರೆಯೊಳಗಿನ ಮರಣವು ಸುಮಾರು ಅರ್ಧಕ್ಕೆ ಇಳಿಯಿತು. ಗಮನಿಸತಕ್ಕ ಸಂಗತಿಯೆಂದರೆ, ಆ ವೇಳೆಗೆ ಹೆಪ್ಪು ಕರಗಿಸುವ ಔಷಧವು ವಾಡಿಕೆಗೆ ಬಂದಿರಲಿಲ್ಲ, ಬಲೂನು ಸ್ಟೆಂಟುಗಳ ಚಿಕಿತ್ಸೆಯು ಇನ್ನೂ ಬಳಕೆಗೆ ಬಂದಿರಲಿಲ್ಲ. ಹೃದಯಾಘಾತದ ಚಿಕಿತ್ಸೆಯಲ್ಲಿ ಮನುಷ್ಯನು ಪಡೆದ ಮೊದಲ ಮಹಾವಿಜಯವು, ಎಚ್ಚರವಾಗಿ ನೋಡುತ್ತಿರುವ ಕಣ್ಣಿಗೆ ಕೂಡಲೆ ಕಾರ್ಯಮಾಡುವ ಅಧಿಕಾರವನ್ನು ಕೊಟ್ಟದ್ದರಿಂದ ದೊರೆತ ವಿಜಯ. ಯಂತ್ರವು ಸಿಳ್ಳುಹಾಕಬಲ್ಲುದು; ಆ ಸಿಳ್ಳಿಗೆ ಅರ್ಥವನ್ನು ಕೊಟ್ಟು ಕೈಯನ್ನು ಚಾಚಬಲ್ಲವರು ಹಾಸಿಗೆಯ ಪಕ್ಕದಲ್ಲಿದ್ದವರು ಮಾತ್ರ. ಈ ಪಾಠವನ್ನು ನಾವು ಯಂತ್ರಗಳ ಜೊತೆಗೇ ಆಮದು ಮಾಡಿಕೊಳ್ಳಬೇಕಾಗಿದ್ದಿತು. ಯಂತ್ರಗಳನ್ನು ತಂದುಕೊಂಡೆವು, ಪಾಠವನ್ನು ಬಂದರಿನಲ್ಲಿಯೇ ಬಿಟ್ಟುಬಂದೆವು.

ಈಗ ನಮ್ಮ ನಾಡಿಗೆ ಬರೋಣ. ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತಮ್ಮ ನಲವತ್ತಾರನೆಯ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡ ದುಃಖದ ನೆನಪಿನಲ್ಲಿ, ಅವರ ಹೆಸರಿನಿಂದಲೇ ಕರ್ನಾಟಕ ಸರ್ಕಾರವು 2023ರಲ್ಲಿ ಆರಂಭಿಸಿದ ಹೃದಯಜ್ಯೋತಿ ಯೋಜನೆಯು ಸ್ತುತ್ಯರ್ಹವಾದುದು. ತಾಲ್ಲೂಕು ಆಸ್ಪತ್ರೆಗೆ ಎದೆನೋವಿನಿಂದ ಬಂದವನ ಇಸಿಜಿಯನ್ನು ದೂರದ ಕೇಂದ್ರದಲ್ಲಿರುವ ತಜ್ಞರಿಗೆ ಕಳುಹಿಸಿ, ಹೃದಯಾಘಾತವೆಂದು ನಿಶ್ಚಯವಾದೊಡನೆ, ಹತ್ತಾರು ಸಾವಿರ ರೂಪಾಯಿ ಬೆಲೆಬಾಳುವ ಟೆನೆಕ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವುದು ಅದರ ಸಾರ. ಈ ಯೋಜನೆಯ ಅಗತ್ಯವನ್ನು ಅರಿಯಬೇಕಾದರೆ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರ ನೇತೃತ್ವದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನವನ್ನು ನೆನೆಯಬೇಕು. ಐವತ್ತು ನಗರಗಳ 89 ಆಸ್ಪತ್ರೆಗಳಲ್ಲಿ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ರೋಗಿಗಳನ್ನು ಪರಿಶೀಲಿಸಿದ ಆ ಅಧ್ಯಯನದಲ್ಲಿ, ನೋವು ಆರಂಭವಾದಾಗಿನಿಂದ ಆಸ್ಪತ್ರೆ ಮುಟ್ಟುವವರೆಗೆ ರೋಗಿಗಳು ಕಳೆದುಕೊಂಡ ಕಾಲದ ಮಧ್ಯಮಾನವು ಆರು ಗಂಟೆ. ಬಡವರು ಉಳ್ಳವರಿಗಿಂತ ಹೆಚ್ಚಾಗಿ ಸತ್ತರು. ದೊರೆತ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದಾಗ ಆ ಅಂತರವು ಅಳಿಸಿಹೋಯಿತು. ಎಂದರೆ, ಬಡವನನ್ನು ಕೊಂದದ್ದು ಅವನ ಹೃದಯದ ದೌರ್ಬಲ್ಯವಲ್ಲ, ನಮ್ಮ ವ್ಯವಸ್ಥೆಯ ದೌರ್ಬಲ್ಯ.

ಆ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಯ ವೇಳೆಯಲ್ಲಿ ರೋಗಿಯ ರಕ್ತನಾಳವನ್ನು ಸೇರುವ ಬಗೆಯನ್ನು ಸ್ವಲ್ಪ ನಿಧಾನವಾಗಿ ಆಲೋಚಿಸಬೇಕು. ಬಾಗಿಲಲ್ಲಿ ಬಂದಿಳಿದವನು ‘ಎದೆನೋವು’ ಎಂದು ಸ್ಪಷ್ಟವಾಗಿ ಹೇಳುವುದು ಅಪರೂಪ. ಗ್ಯಾಸ್ಟ್ರಿಕ್ ಆಗಿದೆ, ಸೋಡಾ ಕುಡಿದರೂ ಇಳಿಯಲಿಲ್ಲ ಎನ್ನುತ್ತಾನೆ. ದವಡೆ ಸೆಳೆಯುತ್ತಿದೆ, ಎಡಗೈ ಜೋಮು ಹಿಡಿದಿದೆ ಎನ್ನುತ್ತಾನೆ. ಸಕ್ಕರೆ ಕಾಯಿಲೆಯವನಾದರೆ ನೋವೇ ಇಲ್ಲದೆ ಬರಿಯ ಬೆವರು, ಸುಸ್ತು. ಹೆಂಗಸರಲ್ಲಂತೂ ಬೆನ್ನುನೋವು, ಉಸಿರು ಕಟ್ಟುವುದು, ವಾಕರಿಕೆ ಎಂಬ ರೂಪದಲ್ಲಿ ಅದು ತಲೆಹಾಕಿದಾಗ, ಮನೆಯವರು ಮಾತ್ರವಲ್ಲ, ಆಸ್ಪತ್ರೆಯವರೂ ಆಮ್ಲಪಿತ್ತವೆಂದು ಸಮಾಧಾನಪಟ್ಟುಕೊಳ್ಳುವುದುಂಟು. ಈ ಅಸ್ಪಷ್ಟವಾದ ಮಾತುಗಳ ಹಿಂದೆ ಅಡಗಿರುವ ಅಪಾಯವನ್ನು ಮೊದಲು ಗ್ರಹಿಸಿ, ಬಂದ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕೆಂಬ ನಿಯಮವನ್ನು ನಡೆಸಿಕೊಡತಕ್ಕವರು ಸಾಮಾನ್ಯವಾಗಿ ರಾತ್ರಿಪಾಳಿಯ ಶುಶ್ರೂಷಾಧಿಕಾರಿಯೇ. ಚಿತ್ರವನ್ನು ಕೇಂದ್ರಕ್ಕೆ ರವಾನಿಸುವುದು, ರೋಗಿಯ ತೂಕವನ್ನು ತಿಳಿದು ಮದ್ದಿನ ಪ್ರಮಾಣವನ್ನು ಸಿದ್ಧಪಡಿಸುವುದು, ಈಚೆಗೆ ಪಾರ್ಶ್ವವಾಯು ಆಗಿದೆಯೆ, ಶಸ್ತ್ರಚಿಕಿತ್ಸೆ ಆಗಿದೆಯೆ, ಎಲ್ಲಿಂದಲಾದರೂ ರಕ್ತ ಹೋಗುತ್ತಿದೆಯೆ ಎಂದು ಕೇಳಿ ಖಚಿತಪಡಿಸಿಕೊಳ್ಳುವುದು, ಇವೆಲ್ಲದರಲ್ಲಿಯೂ ಅವರ ಕೈಯಿದೆ.

ಮದ್ದು ಒಳಸೇರಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಬಗೆಯುವವರು ಮುಂದಿನ ಗಂಟೆಗಳನ್ನು ಕಂಡವರಲ್ಲ. ಹೆಪ್ಪು ಕರಗಿ ರಕ್ತವು ಮತ್ತೆ ಹರಿಯತೊಡಗಿದಾಗಲೇ ಹೃದಯದ ಲಯವು ಎಡವುವುದುಂಟು. ಆಗ ಮಾನಿಟರಿನ ಮೇಲೆ ಕಣ್ಣಿಟ್ಟು, ಕ್ಷಣಿಕವಾದ ತೊಡಕಾವುದು, ಪ್ರಾಣಾಂತಕವಾದದ್ದಾವುದು ಎಂದು ವಿವೇಚಿಸಬೇಕು. ಹೆಪ್ಪನ್ನು ಕರಗಿಸುವ ಮದ್ದು ಬೇರೆಡೆ ರಕ್ತಸ್ರಾವವನ್ನೂ ತರಬಲ್ಲುದಾದಕಾರಣ, ವಸಡಿನಲ್ಲಿ, ಮೂತ್ರದಲ್ಲಿ, ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ಜಿನುಗುವುದನ್ನು ನೋಡಬೇಕು. ಮಾತು ತೊದಲುವುದು, ತಲೆ ಸಿಡಿಯುವುದು, ಒಂದು ಕೈ ಸೋಲುವುದು, ಇವು ಮಿದುಳಿನಲ್ಲಿ ರಕ್ತಸ್ರಾವವಾದುದರ ಸೂಚನೆಗಳೆಂದು ತತ್‌ಕ್ಷಣ ಅರಿಯಬೇಕು. ಅಂಗೈ ತಣ್ಣಗಾಗುವುದು, ಮೂತ್ರವು ಕಡಿಮೆಯಾಗುವುದು, ರೋಗಿಯು ಕಾರಣವಿಲ್ಲದೆ ಚಡಪಡಿಸುವುದು, ಇವು ರಕ್ತದೊತ್ತಡದ ಅಂಕಿ ಕುಸಿಯುವುದಕ್ಕೆ ಮುನ್ನವೇ ಹೃದಯವು ಸೋಲುತ್ತಿರುವುದನ್ನು ಸಾರಬಲ್ಲವು. ಆ್ಯಂಜಿಯೋಗ್ರಾಮ್ ಆಗಿ ಬಂದವನ ಮಣಿಕಟ್ಟಿನ ಅಥವಾ ತೊಡೆಯ ಗಾಯದಲ್ಲಿ ಊತವೆದ್ದಿದೆಯೆ, ಅದರ ಕೆಳಗಿನ ನಾಡಿ ಮಿಡಿಯುತ್ತಿದೆಯೆ ಎಂದು ಮತ್ತೆಮತ್ತೆ ಮುಟ್ಟಿನೋಡುವುದು, ಡಿಗಾಕ್ಸಿನ್ ಮಾತ್ರೆಯನ್ನು ಕೊಡುವುದಕ್ಕೆ ಮುಂಚೆ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ, ಅರುವತ್ತಕ್ಕಿಂತ ಕಡಿಮೆಯಿದ್ದರೆ ಮಾತ್ರೆಯನ್ನು ತಡೆದು ವೈದ್ಯನಿಗೆ ತಿಳಿಸುವುದು, ಇಂಥ ನೂರು ಸಣ್ಣ ಕಾರ್ಯಗಳ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಸಾಕು, ಲಕ್ಷಾಂತರ ರೂಪಾಯಿಯ ಚಿಕಿತ್ಸೆಯು ನಿಷ್ಫಲವಾಗುತ್ತದೆ. ಇಷ್ಟು ಸೂಕ್ಷ್ಮವಾದ ವಿವೇಚನೆಯನ್ನು ಬೇಡುವ ಕೆಲಸವನ್ನು ‘ಇಂಜೆಕ್ಷನ್ ಚುಚ್ಚುವುದು, ಬೆಡ್‌ಪ್ಯಾನ್ ಇಡುವುದು’ ಎಂದು ಹಗುರವಾಗಿ ಆಡಿಕೊಳ್ಳುವ ನಾಲಗೆಗಳಿಗೆ ನಾಚಿಕೆಯಾಗಬೇಕು.

ಆಸ್ಪತ್ರೆಯ ಒಳಗಿನ ಶುಶ್ರೂಷೆ ಹೀಗಾದರೆ, ಹೊರಗಿನದು ಇನ್ನೂ ಉಪೇಕ್ಷಿತವಾದುದು. ಹೃದಯಾಘಾತದಿಂದ ಬದುಕುಳಿದವರಲ್ಲಿ ಹಲವರು ಕಾಲಾಂತರದಲ್ಲಿ ಹೃದಯವೈಫಲ್ಯವೆಂಬ ದೀರ್ಘವ್ಯಾಧಿಗೆ ಒಳಗಾಗುತ್ತಾರೆ. ಹೃದಯವು ನಿಲ್ಲುವುದಿಲ್ಲ, ಆದರೆ ದೇಹಕ್ಕೆ ಬೇಕಾದಷ್ಟು ರಕ್ತವನ್ನು ನೂಕಲಾರದೆ ಬಳಲುತ್ತದೆ. ನೀರು ಮೈಯಲ್ಲಿ ನಿಲ್ಲುತ್ತದೆ, ಪಾದಗಳು ಬಾಯುತ್ತವೆ, ಒಂದು ದಿಂಬಿನ ಮೇಲೆ ಮಲಗುತ್ತಿದ್ದವನಿಗೆ ಮೂರು ದಿಂಬು ಬೇಕಾಗುತ್ತವೆ, ಕೊನೆಗೆ ಕುಳಿತೇ ಬೆಳಗು ಮಾಡಬೇಕಾಗುತ್ತದೆ. ತಿರುವನಂತಪುರದಲ್ಲಿ 2013ರಲ್ಲಿ ಹೃದಯವೈಫಲ್ಯದಿಂದ ಆಸ್ಪತ್ರೆ ಸೇರಿದ 1,205 ಮಂದಿಯನ್ನು ಹಿಂಬಾಲಿಸಿ ನಡೆಸಿದ ಅಧ್ಯಯನದಲ್ಲಿ, ಅವರ ಸರಾಸರಿ ವಯಸ್ಸು ಅರುವತ್ತೊಂದರ ಆಸುಪಾಸಿನಲ್ಲಿತ್ತು. ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಇಲ್ಲವಾದರು. ಆರೋಗ್ಯವ್ಯವಸ್ಥೆಗೆ ಹೆಸರಾದ ಕೇರಳದ ಸ್ಥಿತಿಯೇ ಇದಾಗಿರುವಾಗ, ನಮ್ಮ ಬೀದರ್, ಯಾದಗಿರಿ, ಚಾಮರಾಜನಗರಗಳ ಹಳ್ಳಿಯ ರೋಗಿಯ ಪಾಡನ್ನು ಊಹಿಸುವುದು ಕಷ್ಟವಲ್ಲ.

ಈ ರೋಗಿಗೆ ಬೇಕಾದ ಜ್ಞಾನ ಗಹನವಾದುದಲ್ಲ. ಆದರೆ ಅದನ್ನು ಅವನ ದಿನಚರಿಯೊಳಕ್ಕೆ ಇಳಿಸತಕ್ಕವರು ಬೇಕು. ಪ್ರತಿದಿನ ಬೆಳಗ್ಗೆ ಮೂತ್ರವಿಸರ್ಜನೆಯಾದ ಮೇಲೆ, ತಿಂಡಿಗೆ ಮುಂಚೆ, ಒಂದೇ ತಕ್ಕಡಿಯಲ್ಲಿ ತೂಗಿಕೊಂಡು ಬರೆದಿಡಬೇಕು. ಮೂರು ದಿನದೊಳಗೆ ಎರಡು ಕಿಲೋಗಿಂತ ಹೆಚ್ಚು ಏರಿದರೆ ಅದು ಮಾಂಸವಲ್ಲ, ಮೈಯಲ್ಲಿ ನಿಂತ ನೀರು, ಉಸಿರು ಕಟ್ಟುವುದಕ್ಕೆ ಮುಂಚೆಯೇ ಫೋನು ಮಾಡಬೇಕು. ಉಪ್ಪು ದಿನಕ್ಕೆ ಐದು ಗ್ರಾಮನ್ನು ಮೀರಬಾರದೆಂದು ಹೇಳಿದ ಮಾತ್ರಕ್ಕೆ ಯಾರಿಗೂ ಏನೂ ತಿಳಿಯುವುದಿಲ್ಲ; ಸಾರಿಗೆ ಹಾಕುವ ಉಪ್ಪನ್ನು ಕಡಿಮೆ ಮಾಡಿ, ಊಟದೆಲೆಯ ತುದಿಯಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಗಳನ್ನು ಹಾಗೆಯೇ ಉಳಿಸಿಕೊಂಡ ಮನೆಗಳು ಎಷ್ಟಿಲ್ಲ! ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ನುಂಗಿದರೆ ರಾತ್ರಿಯ ನಿದ್ರೆ ಹಾಳಾಗುತ್ತದೆಂದೋ, ಬಸ್ಸಿನ ಪ್ರಯಾಣದ ದಿನ ತೊಂದರೆಯೆಂದೋ ರೋಗಿಯು ಅದನ್ನೇ ಬಿಟ್ಟುಬಿಡುತ್ತಾನೆ. ಬಿಡಬೇಡ, ಹೊತ್ತನ್ನು ಮಾತ್ರ ಬದಲಿಸಿಕೊ ಎಂದು ಹೇಳುವ ಒಂದು ಪರಿಚಿತ ಧ್ವನಿ ಅವನಿಗೆ ಬೇಕು. ಕೀಲುನೋವಿಗೆಂದು ಅಂಗಡಿಯಿಂದ ಕೊಂಡು ನುಂಗಿದ ನೋವಿನ ಮಾತ್ರೆಯು ದೇಹದಲ್ಲಿ ನೀರನ್ನು ಹಿಡಿದಿಟ್ಟು, ವೈದ್ಯನು ವಾರವಿಡೀ ಮಾಡಿದ್ದನ್ನು ಎರಡು ದಿನದಲ್ಲಿ ಅಳಿಸಬಲ್ಲುದೆಂದು ಎಚ್ಚರಿಸುವವರು ಬೇಕು. ಡಿಸ್ಚಾರ್ಜಿನ ಗಡಿಬಿಡಿಯಲ್ಲಿ, ಬಿಲ್ಲು ಕಟ್ಟುವ ಸಾಲಿನಲ್ಲಿ ನಿಂತ ಮಗನ ಕೈಗೆ ಇಂಗ್ಲಿಷಿನ ಸಾರಾಂಶವೊಂದನ್ನು ಇತ್ತರೆ ಈ ವಿದ್ಯೆ ದಾಟುವುದಿಲ್ಲ.

ಇದು ಬರಿಯ ಸದಾಶಯದ ಮಾತಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಮೈಕೆಲ್ ರಿಚ್ ಮತ್ತು ಸಂಗಡಿಗರು 282 ಮಂದಿ ವೃದ್ಧ ಹೃದಯವೈಫಲ್ಯ ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಶುಶ್ರೂಷಕಿಯ ನೇತೃತ್ವದಲ್ಲಿ ತಿಳಿವಳಿಕೆ, ಪಥ್ಯದ ಸಲಹೆ, ಔಷಧಗಳ ಪರಿಶೀಲನೆ, ಮನೆಭೇಟಿ, ದೂರವಾಣಿಯ ವಿಚಾರಣೆಗಳನ್ನು ಒದಗಿಸಿದರು. 1995ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಗುಂಪಿನಲ್ಲಿ ಹೃದಯವೈಫಲ್ಯಕ್ಕಾಗಿ ಮೂರು ತಿಂಗಳೊಳಗೆ ಮತ್ತೆ ಆಸ್ಪತ್ರೆ ಸೇರುವುದು ಅರ್ಧಕ್ಕಿಂತಲೂ ಕಡಿಮೆಯಾಯಿತು, ವೆಚ್ಚವೂ ಮೇಲೇರಲಿಲ್ಲ. ನಮ್ಮಲ್ಲಿಯೇ, ಪೂರ್ವೋಕ್ತ ಸೇಂಟ್ ಜಾನ್ಸ್ ಸಂಸ್ಥೆಯವರು 14 ಆಸ್ಪತ್ರೆಗಳ 806 ರೋಗಿಗಳಲ್ಲಿ ಪ್ರಯೋಗ ನಡೆಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತರಬೇತಿ ಪಡೆದ ಸಮುದಾಯ ಆರೋಗ್ಯ ಕಾರ್ಯಕರ್ತರು ಆಸ್ಪತ್ರೆಯಲ್ಲಿಯೂ ಮನೆಯಲ್ಲಿಯೂ ರೋಗಿಯನ್ನು ಕಂಡು ಮಾತಾಡಿಸಿದರೆ ಔಷಧಸೇವನೆಯ ಕ್ರಮಬದ್ಧತೆ ಹೆಚ್ಚುವುದೆಂದೂ ತಂಬಾಕು ಬಿಡುವವರು ಅಧಿಕವಾಗುವರೆಂದೂ ತೋರಿಸಿಕೊಟ್ಟರು. ಅಲ್ಪಕಾಲದ ತರಬೇತಿಯವರಿಂದಲೇ ಇಷ್ಟು ಸಾಧ್ಯವಾಗುವುದಾದರೆ, ನಾಲ್ಕು ವರ್ಷ ಶುಶ್ರೂಷಾಶಾಸ್ತ್ರವನ್ನು ಓದಿದವರಿಂದ ಎಷ್ಟು ಸಾಧ್ಯವಾಗದು!

ಸಂಧಿವಾತಜ್ವರದಿಂದ ಹೃದಯದ ಕವಾಟ ಕೆಟ್ಟ ಎಳೆಯರ ವಿಷಯವನ್ನು ಇಲ್ಲಿ ಸೇರಿಸದಿದ್ದರೆ ಅನ್ಯಾಯವಾಗುತ್ತದೆ. ಬಾಲ್ಯದ ಗಂಟಲುನೋವಿನಿಂದ ಮೊದಲಾಗಿ, ಬಡವರ ಇಕ್ಕಟ್ಟಾದ ಮನೆಗಳಲ್ಲಿ ಬೆಳೆಯುವ ಈ ರೋಗವು ಅನೇಕ ಹೆಣ್ಣುಮಕ್ಕಳಲ್ಲಿ ಗರ್ಭಿಣಿಯಾಗಿ ಉಸಿರು ಸಾಲದಾದಾಗಲೇ ಮೊದಲ ಬಾರಿಗೆ ಹೊರಬೀಳುತ್ತದೆ. ಅದು ಮರುಕಳಿಸದಂತೆ ತಡೆಯುವ ಉಪಾಯವು ಮೂರು ನಾಲ್ಕು ವಾರಗಳಿಗೊಮ್ಮೆ ಬೆನ್ಜಥೀನ್ ಪೆನಿಸಿಲಿನ್ ಚುಚ್ಚುಮದ್ದು. ಮದ್ದು ಅಗ್ಗ, ನೋವು ಅಧಿಕ, ಅವಧಿ ಹಲವು ವರ್ಷ. ಹನ್ನೆರಡು ವರ್ಷದ ಬಾಲಕಿಯು ಆ ನೋವಿಗೆ ಮತ್ತೆಮತ್ತೆ ಬಂದು ಒಡ್ಡಿಕೊಳ್ಳುವುದು ಔಷಧದ ಬಲದಿಂದಲ್ಲ, ತನ್ನನ್ನು ಹೆಸರು ಹಿಡಿದು ಕರೆಯುವ ಸಿಸ್ಟರ್‌ನ ಬಲದಿಂದ. ಲೋಹದ ಕವಾಟವನ್ನು ಹಾಕಿಸಿಕೊಂಡವರು ಜೀವಮಾನವಿಡೀ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆಯನ್ನು ಸೇವಿಸುತ್ತ, ಆಗಾಗ ರಕ್ತಪರೀಕ್ಷೆ ಮಾಡಿಸಿ ಅದರ ಪ್ರಮಾಣವನ್ನು ಸರಿದೂಗಿಸಿಕೊಳ್ಳಬೇಕು. ಕಡಿಮೆಯಾದರೆ ಕವಾಟ ಕಟ್ಟಿಕೊಳ್ಳುತ್ತದೆ, ಹೆಚ್ಚಾದರೆ ರಕ್ತ ಸೋರುತ್ತದೆ. ಈ ಲೆಕ್ಕವನ್ನು ತಾಲ್ಲೂಕಿನಲ್ಲಿಯೇ ನೋಡಿ ತಿದ್ದುವ ಶುಶ್ರೂಷಾ ಚಿಕಿತ್ಸಾಲಯವಿದ್ದರೆ, ಬಡ ಕೂಲಿಯವಳೊಬ್ಬಳು ಒಂದು ದಿನದ ಕೂಲಿಯನ್ನೂ ಬಸ್ಸಿನ ಹಣವನ್ನೂ ಕಳೆದುಕೊಂಡು ಮಹಾನಗರಕ್ಕೆ ಅಲೆಯಬೇಕಾಗಿಲ್ಲ.

ಇಷ್ಟು ಭಾರವನ್ನು ಹೊರಬೇಕಾದವರ ಸ್ಥಿತಿಯಾದರೂ ಹೇಗಿದೆ? 1946ರಲ್ಲಿ ವರದಿಯಿತ್ತ ಭೋರ್ ಸಮಿತಿಯು, ಆಗಿನ ಭಾರತದಲ್ಲಿ ಸುಮಾರು 7,000 ಶುಶ್ರೂಷಕಿಯರು ಮಾತ್ರ ಇರುವರೆಂದೂ 43,000 ಜನರಿಗೆ ಒಬ್ಬರಂತೆ ಬೀಳುವರೆಂದೂ ಖೇದಪಟ್ಟಿತ್ತು. ಅಂದಿನಿಂದ ಶಾಲೆಗಳು ಬೆಳೆದುವು. ನರ್ಸಿಂಗ್ ಕಾಲೇಜುಗಳ ಸಂಖ್ಯೆಯಲ್ಲಿ ಕರ್ನಾಟಕವು ದೇಶದ ಮುಂಚೂಣಿಯಲ್ಲಿದೆ. ಆದರೆ ಅವುಗಳಿಂದ ಹೊರಬಂದವರಲ್ಲಿ ಸಮರ್ಥರಾದವರು ಕೊಲ್ಲಿ ರಾಷ್ಟ್ರಗಳಿಗೋ ಬ್ರಿಟನ್ನಿಗೋ ತೆರಳುವ ಸಿದ್ಧತೆಯಲ್ಲಿರುತ್ತಾರೆ. ಉಳಿದವರು ಗುತ್ತಿಗೆಯ ಸಂಬಳಕ್ಕೆ ಪಾಳಿಯ ಮೇಲೆ ಪಾಳಿ ದುಡಿಯುತ್ತಾರೆ. ತೀವ್ರನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬರು, ಬೋಧನಾಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ನಮ್ಮ ಸಾರ್ವಜನಿಕ ಆಸ್ಪತ್ರೆಗಳ ರಾತ್ರಿಪಾಳಿಯಲ್ಲಿ ಒಬ್ಬರ ಪಾಲಿಗೆ ಇಪ್ಪತ್ತು ಮೂವತ್ತು ಹಾಸಿಗೆಗಳು ಬೀಳುವುದು ಅಪರೂಪವಲ್ಲ. ಖಾಸಗಿ ಆಸ್ಪತ್ರೆಗಳ ವೇತನದ ವಿಷಯದಲ್ಲಿ, ಸರ್ವೋಚ್ಚ ನ್ಯಾಯಾಲಯದ 2016ರ ಆದೇಶದಂತೆ ರಚಿತವಾದ ಸಮಿತಿಯು, ಇನ್ನೂರು ಹಾಸಿಗೆಗಿಂತ ದೊಡ್ಡ ಆಸ್ಪತ್ರೆಗಳಲ್ಲಿ ಸರ್ಕಾರಿ ವೇತನಕ್ಕೆ ಸಮನಾಗಿಯೂ, ಐವತ್ತಕ್ಕಿಂತ ಸಣ್ಣವುಗಳಲ್ಲಿ ಕನಿಷ್ಠ 20,000 ರೂಪಾಯಿಯೂ ಇರಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಎಷ್ಟು ಕಡೆ ಕಾರ್ಯರೂಪಕ್ಕೆ ಬಂದಿತೆಂಬುದನ್ನು ಯಾವ ಶುಶ್ರೂಷಕಿಯನ್ನಾದರೂ ಕೇಳಿ ತಿಳಿಯಬಹುದು.

ಸಂಖ್ಯೆಯ ಮಾತು ಬರಿಯ ನೌಕರರ ಹಿತದ ಮಾತೆಂದು ಯಾರೂ ತಿಳಿಯತಕ್ಕದ್ದಲ್ಲ. ಲಿಂಡಾ ಏಕೆನ್ ಎಂಬ ವಿದುಷಿಯ ನೇತೃತ್ವದಲ್ಲಿ ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವು, ಒಬ್ಬ ಶುಶ್ರೂಷಕಿಯ ಪಾಲಿಗೆ ಒಬ್ಬ ರೋಗಿಯು ಹೆಚ್ಚಾದಂತೆಲ್ಲ ತಿಂಗಳೊಳಗೆ ಮರಣಿಸುವ ಸಂಭವವು ನೂರಕ್ಕೆ ಏಳರಷ್ಟು ಏರುವುದೆಂದೂ, ಪದವೀಧರ ಶುಶ್ರೂಷಕಿಯರ ಪಾಲು ನೂರಕ್ಕೆ ಹತ್ತರಷ್ಟು ಹೆಚ್ಚಾದಾಗ ಅದು ಅಷ್ಟೇ ಪ್ರಮಾಣದಲ್ಲಿ ಇಳಿಯುವುದೆಂದೂ ಕಂಡುಕೊಂಡಿತು. ರೋಗಿಗಳ ಹೊರೆ ಏರಿದಲ್ಲಿ ಸಾವೂ ಏರುತ್ತದೆ. ಈ ಗಣಿತಕ್ಕೆ ದೇಶಭೇದವಿಲ್ಲ. ಹಿಂದೆ ನಮ್ಮ ಊರುಗಳಲ್ಲಿ ಕೆರೆಗೆ ಏರಿ ಕಟ್ಟಿದ ಹಿರಿಯರು ನೀರಗಂಟಿಯನ್ನು ನೇಮಿಸದೆ ಬಿಡುತ್ತಿರಲಿಲ್ಲ, ಅವನಿಗೆ ಮಾನ್ಯದ ಭೂಮಿಯನ್ನು ಕೊಟ್ಟು, ತೂಬೆತ್ತುವ ಅಧಿಕಾರವನ್ನೂ ಕೊಡುತ್ತಿದ್ದರು. ಕ್ಯಾಥ್‌ಲ್ಯಾಬ್ ಕಟ್ಟಿ ಶುಶ್ರೂಷಾಧಿಕಾರಿಗಳ ಹುದ್ದೆಯನ್ನು ಖಾಲಿ ಬಿಡುವ ಸರ್ಕಾರವು ಆ ಗ್ರಾಮವಿವೇಕಕ್ಕಿಂತ ಹಿಂದೆ ಬಿದ್ದಿದೆ ಎನ್ನಬೇಕಾಗುತ್ತದೆ.

ಶುಶ್ರೂಷಕಿಯರಿಗೆ ಅಧಿಕಾರವನ್ನು ಹೆಚ್ಚಿಸಿದರೆ ಹೊಣೆ ಯಾರದೆಂಬ ಗೊಂದಲ ಹುಟ್ಟುವುದೆಂದೂ, ವೈದ್ಯರ ಸ್ಥಾನಕ್ಕೆ ಕುಂದು ಬರುವುದೆಂದೂ ಆಕ್ಷೇಪಿಸುವವರುಂಟು. ಹೊಣೆಯ ಚಿಂತೆ ಯಥಾರ್ಥವಾದುದು. ಅದಕ್ಕೆ ಉತ್ತರ ಲಿಖಿತವಾದ ಕಾರ್ಯವಿಧಿ. ಯಾವ ಲಯದೋಷಕ್ಕೆ ವಿದ್ಯುದಾಘಾತ, ಎಷ್ಟು ತೂಕ ಏರಿದರೆ ಯಾವ ಮಾತ್ರೆಯ ಪ್ರಮಾಣವನ್ನು ಎಷ್ಟು ಹೆಚ್ಚಿಸಬಹುದು, ಯಾವ ಘಟ್ಟದಲ್ಲಿ ವೈದ್ಯನನ್ನು ಕರೆಯಲೇಬೇಕು ಎಂಬುದನ್ನು ವೈದ್ಯರೇ ಕುಳಿತು ನಿರ್ಣಯಿಸಿ, ಬರೆದು, ಪರೀಕ್ಷಿಸಿ, ಅಧಿಕಾರಪತ್ರವಾಗಿ ಕೊಡಲಿ. ಇನ್ನು ಸ್ಥಾನದ ಮಾತು. ಮೆಲ್ಟ್ಸರ್ ಅವರು ತಮ್ಮ ಶುಶ್ರೂಷಕಿಯರ ಕೈಗೆ ಡಿಫಿಬ್ರಿಲೇಟರನ್ನು ಕೊಟ್ಟದ್ದರಿಂದ ಅವರ ಕೀರ್ತಿ ಕುಂದಲಿಲ್ಲ. ಅವರ ರೋಗಿಗಳು ಬದುಕಿದರು. ತನ್ನ ಜ್ಞಾನವನ್ನು ಹಂಚಿಕೊಂಡ ವೈದ್ಯನು ಅದನ್ನು ಕಳೆದುಕೊಳ್ಳುವುದಿಲ್ಲ. ಅದು ಅವನಿಲ್ಲದ ಹೊತ್ತಿನಲ್ಲಿಯೂ ಅವನ ವಾರ್ಡಿನಲ್ಲಿ ಕೆಲಸಮಾಡುತ್ತಿರುತ್ತದೆ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದಾಗಿ, ಹೃದಯಜ್ಯೋತಿ ಯೋಜನೆಗೆ ಸೇರಿದ ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿ, ಮೂರು ಪಾಳಿಗೂ ಸಾಲುವಂತೆ, ಹೃದ್ರೋಗಶುಶ್ರೂಷೆಯಲ್ಲಿ ವಿಶೇಷ ಶಿಕ್ಷಣ ಪಡೆದವರ ಖಾಯಂ ಹುದ್ದೆಗಳನ್ನು ಸೃಷ್ಟಿಸಬೇಕು. ಶಿಕ್ಷಣಕ್ರಮವನ್ನು ಹೊಸದಾಗಿ ಕಲ್ಪಿಸಬೇಕಾಗಿಲ್ಲ. ಹೃದಯ ಮತ್ತು ಎದೆಗೂಡಿನ ಶುಶ್ರೂಷೆಯಲ್ಲಿ ಒಂದು ವರ್ಷದ ಡಿಪ್ಲೊಮಾವನ್ನೂ, ತೀವ್ರನಿಗಾ ಚಿಕಿತ್ಸೆಯಲ್ಲಿ ನರ್ಸ್ ಪ್ರಾಕ್ಟಿಷನರ್ ಎಂಬ ಸ್ನಾತಕೋತ್ತರ ಶಿಕ್ಷಣವನ್ನೂ ಭಾರತೀಯ ಶುಶ್ರೂಷಾ ಪರಿಷತ್ತು ಈಗಾಗಲೇ ರೂಪಿಸಿದೆ. ಓದಿದವರಿಗೆ ತಕ್ಕ ಹುದ್ದೆಯೂ ವೇತನವೂ ನಮ್ಮಲ್ಲಿ ಬಹುಮಟ್ಟಿಗೆ ಇಲ್ಲದಿರುವುದೇ ಕೊರತೆ. ಎರಡನೆಯದಾಗಿ, ಹೀಗೆ ತರಬೇತಿ ಪಡೆದವರನ್ನು ಆರು ತಿಂಗಳಿಗೊಮ್ಮೆ ಹೆರಿಗೆಯ ವಾರ್ಡಿಗೋ ಹೊರರೋಗಿ ವಿಭಾಗಕ್ಕೋ ವರ್ಗಾಯಿಸಿ ಆ ವಿದ್ಯೆಯನ್ನು ಪೋಲುಮಾಡುವ ಪದ್ಧತಿ ನಿಲ್ಲಬೇಕು. ಮೂರನೆಯದಾಗಿ, ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೊಮ್ಮೆಯಾದರೂ ಶುಶ್ರೂಷಾಧಿಕಾರಿಯೇ ನಡೆಸುವ ಹೃದಯವೈಫಲ್ಯದ ಚಿಕಿತ್ಸಾಲಯವಿದ್ದು, ಮನೆಗೆ ಹೋದ ರೋಗಿಗೆ ಏಳು ದಿನದೊಳಗೆ ಒಂದು ಕರೆ, ಹದಿನಾಲ್ಕು ದಿನದೊಳಗೆ ಒಂದು ಭೇಟಿ ತಪ್ಪದೆ ನಡೆಯಬೇಕು. ಆಶಾ ಕಾರ್ಯಕರ್ತೆಯರು ಹಳ್ಳಿಯಲ್ಲಿ ಈ ಸರಪಳಿಯ ಕೊನೆಯ ಕೊಂಡಿಯಾಗಬೇಕು. ನಾಲ್ಕನೆಯದಾಗಿ, ಪಥ್ಯ, ಔಷಧ, ಎಚ್ಚರಿಕೆಯ ಚಿಹ್ನೆಗಳನ್ನು ಕುರಿತ ಬರಹವು ಸರಳವಾದ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ರೋಗಿಯ ಕೈಸೇರಬೇಕು. ಓದಿ ಹೇಳಿದ್ದನ್ನು ಅವನು ತನ್ನ ಮಾತಿನಲ್ಲಿ ಹಿಂದಿರುಗಿಸಿ ಹೇಳುವವರೆಗೆ ಅವನನ್ನು ಬಿಡಕೂಡದು.

ಇದಕ್ಕೆಲ್ಲ ಹಣ ಎಲ್ಲಿಂದ ಬರಬೇಕೆಂದು ಹಣಕಾಸಿನ ಇಲಾಖೆ ಕೇಳುವುದು ಸಹಜ. ಮತ್ತೆಮತ್ತೆ ಆಸ್ಪತ್ರೆ ಸೇರುವ ರೋಗಿಗಾಗಿ ಸರ್ಕಾರವೂ ಅವನ ಕುಟುಂಬವೂ ಈಗ ಸುರಿಯುತ್ತಿರುವ ಹಣವನ್ನು ಮೊದಲು ಲೆಕ್ಕಹಾಕಲಿ. ದುಡಿಯುವ ವಯಸ್ಸಿನಲ್ಲಿಯೇ ಯಜಮಾನನನ್ನು ಕಳೆದುಕೊಂಡ ಮನೆಗಳು ಸಾಲದಲ್ಲಿ ಮುಳುಗುವುದನ್ನೂ ಅದಕ್ಕೆ ಸೇರಿಸಲಿ. ಆ ಮೊತ್ತದ ಎದುರಿಗೆ ತಾಲ್ಲೂಕಿಗೆ ನಾಲ್ಕೈದು ಮಂದಿ ಶುಶ್ರೂಷಾಧಿಕಾರಿಗಳ ಸಂಬಳವು ದೊಡ್ಡದಾಗಿ ಕಾಣಲಾರದು. ಬೆಲೆಬಾಳುವ ಮದ್ದನ್ನು ಬಡವನಿಗೆ ಉಚಿತವಾಗಿ ಕೊಡುವ ಔದಾರ್ಯವನ್ನು ತೋರಿದ ರಾಜ್ಯವು, ಆ ಮದ್ದು ಫಲಿಸುವಂತೆ ನೋಡಿಕೊಳ್ಳುವ ಜನರನ್ನು ನೇಮಿಸುವಲ್ಲಿ ಕೈ ಬಿಗಿಹಿಡಿಯುವುದು ವಿವೇಕವೂ ಅಲ್ಲ, ಮಿತವ್ಯಯವೂ ಅಲ್ಲ. ಬೇಕಾದ ಜ್ಞಾನವು ಅರುವತ್ತು ವರ್ಷಗಳಿಂದ ಲೋಕದ ಮುಂದಿದೆ, ಕಲಿಸುವ ಕಾಲೇಜುಗಳು ನಮ್ಮಲ್ಲಿಯೇ ಇವೆ, ಕಲಿಯಲು ಹಂಬಲಿಸುವ ಯುವಕಯುವತಿಯರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಹುದ್ದೆಗಳನ್ನು ಮಂಜೂರು ಮಾಡುವ ಆದೇಶವೊಂದು ಬರುವ ಆಯವ್ಯಯದಲ್ಲಿಯೇ ಹೊರಡಬೇಕು; ಅದನ್ನು ಹೊರಡಿಸುವವರೆಗೆ ಶಾಸಕರನ್ನೂ ಸಚಿವರನ್ನೂ ಬಿಡದೆ ಕೇಳುತ್ತಿರುವುದು ಹೃದಯವುಳ್ಳ ಪ್ರತಿಯೊಬ್ಬ ಪ್ರಜೆಯ ಕರ್ತವ್ಯ.